ಓದುಗರ ಪ್ರಶ್ನೆ: ಸ್ವೀಡನ್ನಿನ ತೆರಿಗೆ ಯಾರ ಜೇಬಿನಿಂದ?

ಪ್ರಶ್ನೆ: ಸರ್ಕಾರ ಆದಷ್ಟೂ ಚಿಕ್ಕದಿರಲಿ ಎನ್ನುವ ಲಿಬರ್ಟೇರಿಯನ್ನರಲ್ಲಿ ಕೆಲವರು ಸ್ವೀಡನ್ನಿನ ಕಲ್ಯಾಣ ವ್ಯವಸ್ಥೆಯನ್ನು ‘ಲೂಟಿ’ ಎನ್ನುತ್ತಾರೆ, ಕೆಲವರು ಅದೇ ದೇಶವನ್ನು ಮೆಚ್ಚುತ್ತಾರೆ. ಏಕೆ?
– ಓದುಗರು, ದಾವಣಗೆರೆ

ಉತ್ತರ: ಲೂಟಿ ಎನ್ನುವವರಿಗೆ ಆಧಾರ ಅಮೆರಿಕದ ತತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್ 1974ರಲ್ಲಿ ಮಂಡಿಸಿದ ವಾದ: ದುಡಿಮೆಯ ಮೇಲಿನ ತೆರಿಗೆ ಬಲವಂತದ ಚಾಕರಿಗೆ ಸಮ. ಮುಕ್ತ ಮಾರುಕಟ್ಟೆಯ ಪರವಾಗಿದ್ದ ಅರ್ಥಶಾಸ್ತ್ರಜ್ಞ ಹಾಯೆಕ್ ಅಷ್ಟು ದೂರ ಹೋಗಲಿಲ್ಲ. ಅನ್ನ, ಬಟ್ಟೆ, ಸೂರಿನ ಕನಿಷ್ಠ ಭದ್ರತೆಯನ್ನು ಒಪ್ಪಿದ್ದರು. ಮೆಚ್ಚುವವರು ತೋರಿಸುವುದು 2004ರಲ್ಲಿ ರದ್ದಾದ ಉತ್ತರಾಧಿಕಾರ ತೆರಿಗೆ, 2007ರಲ್ಲಿ ಹೋದ ಸಂಪತ್ತು ತೆರಿಗೆ, ಮತ್ತು 1992ರ ಶಾಲಾ ಸುಧಾರಣೆಯನ್ನು. ಪೋಷಕರು ಆರಿಸಿದ ಶಾಲೆಗೆ, ಅದು ಖಾಸಗಿಯಾದರೂ, ಸ್ಥಳೀಯ ಆಡಳಿತದ ಹಣ ಮಗುವಿನ ಹಿಂದೆಯೇ ಹೋಗುತ್ತದೆ. ಶಾಲೆ ಫೀ ವಸೂಲಿ ಮಾಡುವಂತಿಲ್ಲ, ಆದರೆ ಲಾಭ ಮಾಡಬಹುದು. ಎಡವಟ್ಟಾಗುವುದು ಪ್ರವೇಶದಲ್ಲಿ. ಅನೇಕ ಖಾಸಗಿ ಶಾಲೆಗಳಲ್ಲಿ ಮೊದಲು ಹೆಸರು ಬರೆಸಿದವರಿಗೆ ಮೊದಲ ಸೀಟು. ಊರು ಬಲ್ಲವರು ಹಸುಗೂಸಿನ ಹೆಸರನ್ನೇ ಸರದಿಗೆ ಹಾಕಿರುತ್ತಾರೆ. ನಿನ್ನೆ ಮೊನ್ನೆ ಬಂದ ವಲಸಿಗರ ಮಗು ಹೊರಗುಳಿಯುತ್ತದೆ. ಇದನ್ನು ಬರೀ ಆಯ್ಕೆಯ ಸ್ವಾತಂತ್ರ್ಯ ಎಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ.

ಕನಿಷ್ಠ ಕೂಲಿ ಕಾನೂನಿಲ್ಲ ಎಂದೂ ಮೆಚ್ಚುವುದುಂಟು. ನಿಜ, ಆದರೆ ಸುಮಾರು ಹತ್ತರಲ್ಲಿ ಒಂಬತ್ತು ನೌಕರರ ಸಂಬಳ ಕಾರ್ಮಿಕ ಸಂಘ ಮತ್ತು ಮಾಲೀಕರ ಒಪ್ಪಂದದಡಿ ಬರುತ್ತದೆ. ಸಂಘಗಳ ಆ ಬಲವಿಲ್ಲದೆ ಕಾನೂನನ್ನಷ್ಟೇ ಕಿತ್ತುಹಾಕಿದರೆ ಸ್ವೀಡನ್ ಆಗುವುದಿಲ್ಲ.

ಪ್ರಶ್ನೆ: ಮಗನಿಗೆ ಸ್ಟಾಕ್‌ಹೋಮ್‌ನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಶ್ರೀಮಂತರಿಂದ ತೆರಿಗೆ ಕಿತ್ತು ಉಳಿದವರಿಗೆ ಹಂಚುತ್ತಾರಂತೆ, ಹೌದೇ?
– ಓದುಗರು, ಮೈಸೂರು

ಉತ್ತರ: ಅಲ್ಲ, ಭಾರ ಹೊರುವವರು ಸಾಮಾನ್ಯ ಸಂಬಳದಾರರೇ. ತಿಂಗಳಿಗೆ 30,000 ಕ್ರೋನರ್ ಸಂಬಳ ಎಂದಿಟ್ಟುಕೊಳ್ಳಿ. ಅದರ ಮೇಲೆ ಕಂಪನಿ 31.42%, ಅಂದರೆ 9,426 ಕ್ರೋನರ್, ಪಿಂಚಣಿ, ಕಾಯಿಲೆ ವಿಮೆ ಮುಂತಾದವುಗಳ ಸಾಮಾಜಿಕ ವಂತಿಗೆ ಕಟ್ಟುತ್ತದೆ. ಸಂಬಳದಿಂದ ಕಡಿತವಾಗುವ ಹಣವಲ್ಲವಾದ್ದರಿಂದ ಅದು ತನ್ನ ದುಡಿಮೆಯದೆಂದು ನೌಕರನಿಗೆ ಅನ್ನಿಸುವುದೇ ಇಲ್ಲ. ಆಮೇಲೆ ಸ್ಥಳೀಯ ಆದಾಯ ತೆರಿಗೆ, ಸರಾಸರಿ 32% ಆಸುಪಾಸು. ವಿನಾಯಿತಿಗಳಿರುವುದರಿಂದ ಪೂರ್ತಿ ತಟ್ಟುವುದಿಲ್ಲ. ಅಂಗಡಿಯಲ್ಲಿ ಹೆಚ್ಚಿನ ಸರಕಿಗೆ 25% ವ್ಯಾಟ್: 125 ಕ್ರೋನರ್ ಕೊಟ್ಟರೆ 25 ಸರ್ಕಾರಕ್ಕೆ. ಕಣ್ಣಿಗೆ ಬೀಳದ ತೆರಿಗೆಯ ಬಗ್ಗೆ ಲಿಬರ್ಟೇರಿಯನ್ನರು ಎತ್ತುವ ಆಕ್ಷೇಪ ನ್ಯಾಯವಾದದ್ದು.

ಆದರೆ ಕೊಟ್ಟವರಿಗೇ ವಾಪಸೂ ಬರುತ್ತದೆ. ಒಂದು ಮಗುವಿಗೆ ತಂದೆತಾಯಿ ಇಬ್ಬರಿಗೂ ಸೇರಿ 480 ದಿನಗಳ ಭತ್ಯೆಯ ರಜೆ. ಅದರಲ್ಲಿ 390 ದಿನ ಒಂದು ಮಿತಿಯವರೆಗೆ ಸಂಬಳದ ಸುಮಾರು 80%. ಮಗುವೊಂದಕ್ಕೆ ತಿಂಗಳಿಗೆ 1,250 ಕ್ರೋನರ್ ಮಕ್ಕಳ ಭತ್ಯೆ ಬಡವ ಬಲ್ಲಿದ ಎನ್ನದೆ ಎಲ್ಲ ಮನೆಗೂ ಬರುತ್ತದೆ. ಮಧ್ಯಮ ವರ್ಗ ಇಷ್ಟು ತೆರಿಗೆಯನ್ನು ಸಹಿಸುವುದೇ ಇದರಿಂದ. ಲೂಟಿ ಎನ್ನುವವರು ಇದನ್ನು ಲೆಕ್ಕಕ್ಕೇ ತರುವುದಿಲ್ಲ.

ಒಂದು ಮುಖ್ಯ ವಿಷಯ: ಸಂಬಳಕ್ಕೆ ತಕ್ಕ ನಿರುದ್ಯೋಗ ವಿಮೆ ಅಲ್ಲಿ ಕಡ್ಡಾಯವಲ್ಲ. ‘ಆ-ಕಸ್ಸಾ’ ಎಂಬ ನಿಧಿಗೆ ನಿಮ್ಮ ಮಗನೇ ಅರ್ಜಿ ಹಾಕಿ, ತಿಂಗಳ ಶುಲ್ಕ ಕಟ್ಟುತ್ತಿರಬೇಕು. ಕೆಲಸ ಹೋದಮೇಲೆ ಸೇರಿದರೆ ಪ್ರಯೋಜನವಿಲ್ಲ. ಸ್ಟಾಕ್‌ಹೋಮ್‌ನಲ್ಲಿ ಕೆಲಸ ಶುರುವಾದ ತಕ್ಷಣವೇ ಸೇರಿಕೊಳ್ಳಲು ಹೇಳಿ.