ಹೂದಾನಿಗೆ ಮುಂಚೆ ಬಕೆಟ್ಟು

ಪ್ರಶ್ನೆ: ಹೂ ಜೋಡಣೆ ಕಲಿಯೋಣವೆಂದು ಗುಲಾಬಿ, ಜರ್ಬೆರಾ ತಂದು ಗಾಜಿನ ಹೂದಾನಿಯಲ್ಲಿಟ್ಟೆ. ಮರುದಿನಕ್ಕೇ ಗುಲಾಬಿಗಳು ಕತ್ತು ಬಗ್ಗಿಸಿದವು. ಮೂರನೇ ದಿನ ಜರ್ಬೆರಾ ದಂಟು ಕೊಳೆತು ಲೋಳೆಯಾಯಿತು. ನೀರಿಗೆ ಸಕ್ಕರೆಯನ್ನೂ ಹಾಕಿದ್ದೆ. ಎಲ್ಲಿ ತಪ್ಪಿದೆ?
– ಓದುಗರು, ತುಮಕೂರು

ಉತ್ತರ: ಗುಲಾಬಿಗೆ ನೀರು ಏರಿಲ್ಲ, ಜರ್ಬೆರಾಕ್ಕೆ ನೀರು ಹೆಚ್ಚಾಗಿದೆ. ಮಾರುಕಟ್ಟೆಯಿಂದ ಮನೆ ಸೇರುವಷ್ಟರಲ್ಲಿ ದಂಟಿನ ತುದಿ ಒಣಗಿ, ನೀರೇರುವ ನಾಳಗಳಿಗೆ ಗಾಳಿ ಹೊಕ್ಕಿರುತ್ತದೆ. ಹಾಗೇ ಹೂದಾನಿಗೆ ಇಟ್ಟರೆ ದಂಟು ನೀರಿನಲ್ಲಿದ್ದೂ ಹೂ ಬಾಯಾರುತ್ತದೆ. ಹೂ ತಂದ ಕೂಡಲೇ ದಂಟಿನ ತುದಿಯನ್ನು ಬಕೆಟ್ ನೀರಿನೊಳಗೇ ಮುಳುಗಿಸಿ, ಒಂದು ಇಂಚು ಓರೆಯಾಗಿ ಕತ್ತರಿಸಿ. ಚೂಪಾದ ಕತ್ತರಿ ಇರಲಿ. ಮೊಂಡು ಕತ್ತರಿ ನಾಳಗಳನ್ನು ಜಜ್ಜಿಬಿಡುತ್ತದೆ. ನೀರಿಗೆ ತಾಗುವ ಎಲೆಗಳನ್ನೆಲ್ಲ ಕಿತ್ತುಹಾಕಿ, ನೆರಳಿನಲ್ಲಿ ಎರಡು ಮೂರು ಗಂಟೆ ನೀರು ಕುಡಿಯಲು ಬಿಡಿ. ಬಗ್ಗಿದ ಗುಲಾಬಿಯೂ ಎಷ್ಟೋ ಸಲ ಉಳಿಯುತ್ತದೆ: ಹಳೇ ಪೇಪರಿನಲ್ಲಿ ಕತ್ತು ನೆಟ್ಟಗೆ ನಿಲ್ಲುವಂತೆ ಸುತ್ತಿ, ಹೊಸದಾಗಿ ಕತ್ತರಿಸಿ, ಉಗುರುಬೆಚ್ಚನೆಯ ನೀರಿನಲ್ಲಿ ಮುಕ್ಕಾಲು ದಂಟು ಮುಳುಗುವಂತೆ ನಿಲ್ಲಿಸಿ.

ಜರ್ಬೆರಾ ದಂಟು ಮೆತ್ತಗೆ, ಮೇಲೆಲ್ಲ ಸಣ್ಣ ರೋಮ. ಆಳದ ನೀರಿನಲ್ಲಿ ಅದು ಬೇಗ ಕೊಳೆಯುತ್ತದೆ. ಬುಡದ ಗಟ್ಟಿ ಭಾಗ ನೀರೆಳೆಯುವುದಿಲ್ಲ, ಅದನ್ನು ಎರಡು ಇಂಚು ತೆಗೆದುಬಿಡಿ. ಹೂದಾನಿಯಲ್ಲಿ ಎರಡು ಮೂರು ಇಂಚು ನೀರು ಸಾಕು. ಸಕ್ಕರೆ ಒಂದನ್ನೇ ಹಾಕಿದರೆ ಹೂವಿಗಿಂತ ಮೊದಲು ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತದೆ. ಅದನ್ನು ಬಿಡಿ. ದಿನಾ ನೀರು ಬದಲಿಸಿ, ಹೂದಾನಿಯ ಒಳಗೋಡೆಯ ಜಾರು ಹೋಗುವಂತೆ ಉಜ್ಜಿ ತೊಳೆಯಿರಿ. ಎರಡು ದಿನಕ್ಕೊಮ್ಮೆ ತುದಿಯನ್ನು ಅರ್ಧ ಇಂಚು ಕತ್ತರಿಸಿ.

ಪ್ರಶ್ನೆ: ಎಷ್ಟು ಜೋಡಿಸಿದರೂ ಹೂಗಳೆಲ್ಲ ಒಂದೇ ಕಡೆ ವಾಲುತ್ತವೆ. ಹೂ ಚುಚ್ಚಿ ನಿಲ್ಲಿಸುವ ಹಸಿರು ಫೋಮ್ ಕೊಳ್ಳಲೇಬೇಕೇ?
– ಓದುಗರು, ಶಿವಮೊಗ್ಗ

ಉತ್ತರ: ಕಲಿಯುವವರಿಗೆ ಸೆಲೋಟೇಪೇ ಸಾಕು. ಆರು ಇಂಚು ಎತ್ತರದ ಹೂದಾನಿ ತೆಗೆದುಕೊಂಡು, ಒಣಗಿದ ಬಾಯಿಯ ಮೇಲೆ ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಪಟ್ಟಿ ಎಳೆದು ಜಾಲರಿ ಮಾಡಿ. ಮೊದಲು ಹಸಿರು: ಅಸ್ಪರಾಗಸ್, ಅಂಗಳದ ಅರೆಕಾ ಪಾಮ್ ಗರಿ, ಕ್ರೋಟನ್ ಯಾವುದಾದರೂ ಸರಿ. ಪ್ರತಿ ದಂಟನ್ನೂ ಓರೆಯಾಗಿ ಇಳಿಸಿ. ಒಳಗೆ ದಂಟುಗಳು ಒಂದಕ್ಕೊಂದು ಹೆಣೆದುಕೊಂಡರೆ ಅದೇ ಹಿಡಿತ. ನಂತರ ಅತಿ ಎತ್ತರದ ಹೂ, ಹೂದಾನಿಯ ಬಾಯಿಂದ ಸುಮಾರು ಒಂಬತ್ತು ಇಂಚು ಮೇಲೆ ಬರಲಿ. ಉಳಿದವನ್ನು ಕಿರಿದು ಮಾಡುತ್ತಾ ಬನ್ನಿ, ದೊಡ್ಡ ಹೂಗಳು ಬಾಯಿಯ ಹತ್ತಿರ ಇರಲಿ. ಒಂದೊಂದು ಹೂ ಇಟ್ಟಾಗಲೂ ಹೂದಾನಿಯನ್ನು ಸ್ವಲ್ಪ ತಿರುಗಿಸಿ. ಎದುರಿಗೆ ಕುಳಿತು ಒಂದೇ ಕಡೆಯಿಂದ ತುಂಬುವುದರಿಂದಲೇ ವಾಲುವುದು.

ಫೋಮ್ ಬಳಸಿದರೂ ಕೈಯಿಂದ ಒತ್ತಿ ಮುಳುಗಿಸಬೇಡಿ. ನೀರಿನ ಮೇಲೆ ಬಿಟ್ಟರೆ ತಾನಾಗಿ ಇಳಿಯುತ್ತದೆ. ಒತ್ತಿದರೆ ನಡುವೆ ಒಣಗಿರುತ್ತದೆ, ಅಲ್ಲಿಗೆ ಚುಚ್ಚಿದ ಹೂ ಸಂಜೆಗೇ ಬಾಡುತ್ತದೆ. ಚುಚ್ಚಿದ್ದನ್ನು ಎಳೆದು ಅದೇ ತೂತಿಗೆ ಮತ್ತೆ ಇಡಬೇಡಿ, ಗಾಳಿ ಉಳಿಯುತ್ತದೆ. ಫೋಮ್ ಪ್ಲಾಸ್ಟಿಕ್, ಗೊಬ್ಬರದ ಗುಂಡಿಗೆ ಹಾಕುವಂತಿಲ್ಲ.

ಪ್ರಶ್ನೆ: ಸುಗಂಧರಾಜದ ಮೇಲಿನ ಮೊಗ್ಗುಗಳು ಅರಳುವುದೇ ಇಲ್ಲ. ಕಾರ್ನೇಷನ್ ಒಂದೇ ದಿನಕ್ಕೆ ಮುದುಡುತ್ತದೆ.
– ಓದುಗರು, ಮೈಸೂರು

ಉತ್ತರ: ಸುಗಂಧರಾಜ ಕೆಳಗಿನಿಂದ ಮೇಲಕ್ಕೆ ಅರಳುವ ಹೂ. ತುದಿಯ ನಾಲ್ಕೈದು ಎಳೇ ಮೊಗ್ಗುಗಳನ್ನು ಚಿವುಟಿ, ಬಾಡಿದ ಹೂಗಳನ್ನು ಆಗಾಗ ತೆಗೆಯಿರಿ. ಮಧ್ಯದವು ಚೆನ್ನಾಗಿ ಬಿಚ್ಚಿಕೊಳ್ಳುತ್ತವೆ. ಕಾರ್ನೇಷನ್ ಪಕ್ಕದಲ್ಲಿ ಹಣ್ಣಿನ ಬುಟ್ಟಿ ಇದೆಯೇ ನೋಡಿ. ಮಾಗಿದ ಬಾಳೆ, ಮಾವು ಹೊರಬಿಡುವ ಎಥಿಲೀನ್ ಅನಿಲ ಅದಕ್ಕೆ ಆಗದು. ಹೂದಾನಿಯನ್ನು ಬೇರೆ ಕೋಣೆಗೆ ಒಯ್ಯಿರಿ.