ಸಣ್ಣ ದೋಣಿಯಲ್ಲಿ ಕಡಲಿಗಿಳಿದು ಗಾಳ ಹಾಕಬೇಕು, ಎಲ್ಲಿಂದ ಆರಂಭಿಸಲಿ?

ಅಳಿವೆ ದಾಟುವುದನ್ನು ಕಲಿಯುವುದರಿಂದ ಆರಂಭಿಸಿ. ನಮ್ಮ ಕರಾವಳಿಯಲ್ಲಿ ಹೊಸಬರಿಗೆ ಅಪಾಯ ಹೆಚ್ಚಾಗಿ ಎದುರಾಗುವುದು ನಡುಗಡಲಿನಲ್ಲಲ್ಲ, ಗಂಗೊಳ್ಳಿಯಂಥ ಕಡೆ ನದಿ ಸಮುದ್ರ ಸೇರುವ ಬಾಯಲ್ಲಿ. ಇಳಿತದ ನೀರು ಹೊರಗೆ ನುಗ್ಗುವಾಗ ಒಳಬರುವ ಅಲೆ ಅದಕ್ಕೆ ಎದುರಾಗಿ ಗೋಡೆಯಂತೆ ಎದ್ದು ಮುರಿಯುತ್ತದೆ. ಉಬ್ಬರ ಏರುತ್ತಿರುವಾಗ ದಾಟಿ. ಅಲೆಗೆ ದೋಣಿಯ ಮಗ್ಗುಲು ಕೊಡಲೇಬೇಡಿ. ಮೊದಲ ಕೆಲವು ಸಲ ಆ ಊರಿನ ಅನುಭವಿ ಮೀನುಗಾರರ ಜೊತೆಗೇ ಹೋಗಿ. ಮರಳುದಿಬ್ಬ ಈ ವರ್ಷ ಎಲ್ಲಿಗೆ ಸರಿದಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಕಲಿಯಲು ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಗ್ಗೆ ಕಡಲು ಶಾಂತ, ಮಧ್ಯಾಹ್ನ ಗಾಳಿ ಬಲಿಯುತ್ತದೆ. ಅಷ್ಟರೊಳಗೆ ದಡ ಸೇರಿ. ಮಳೆಗಾಲದಲ್ಲಿ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವೂ ಇದೆ. ದೋಣಿಯ ನೋಂದಣಿ, ಪರವಾನಗಿಗೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಹೊರಡುವ ಮುನ್ನ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪ್ರಕಟಿಸುವ ಅಲೆ, ಗಾಳಿಯ ಮುನ್ಸೂಚನೆ ನೋಡಿ.

ಇಂಧನವನ್ನು ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಇನ್ನೊಂದು ಆಪತ್ತಿಗೆ. ಲೈಫ್ ಜಾಕೆಟ್ ಮೈಮೇಲೇ ಇರಲಿ. ದೂರ ಹೋದಂತೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ವಿಎಚ್‌ಎಫ್ ರೇಡಿಯೊ ಬೇಕು. ತುರ್ತು ಕರೆಗೆ 16ನೇ ಚಾನೆಲ್. ಕರಾವಳಿ ಕಾವಲು ಪಡೆಯ ಸಹಾಯವಾಣಿ 1554.

ಗಾಳದ ವಿಷಯ: ಮೊದಲು ಬಂಗುಡೆ ಹಿಡಿದು ಕೈ ಪಳಗಲಿ. ಅಂಜಲ್ ಮೀನು ಹಿಡಿಯಲು ಹೋಗುವಾಗ ಕೊಕ್ಕೆಯ ಮೇಲೆ ಒಂದು ಗೇಣು ಉಕ್ಕಿನ ತಂತಿ ಕಟ್ಟಿ, ಅದರ ಹಲ್ಲಿಗೆ ಬರೀ ನೈಲಾನ್ ದಾರ ತಡೆಯುವುದಿಲ್ಲ.