ವಿಲ್ಸನ್ ಕವಿನೋ ಹಕ್ಕಿ ಪಂಡಿತನೋ?

ಪ್ರಶ್ನೆ: ನಮಸ್ಕಾರ ಸಾರ್, ಅಮೆರಿಕದ ಹಕ್ಕಿಗಳ ಮೇಲೆ 9 ಸಂಪುಟ ಮಾಡಿದ ಅಲೆಕ್ಸಾಂಡರ್ ವಿಲ್ಸನ್ ಮೂಲದಲ್ಲಿ ಸ್ಕಾಟ್ಲೆಂಡಿನ ಕವಿ ಅಂತ ಎಲ್ಲೋ ಓದ್ದೆ. ಅಮೆರಿಕಕ್ಕೆ ಯಾಕೆ ಹೋದ? ಹೋದ್ಮೇಲೆ ಕವಿತೆ ಬಿಟ್ಟೇ ಬಿಟ್ನಾ?
– ಓದುಗರೊಬ್ಬರು, ಶಿರಸಿ

ಉತ್ತರ: ಅಲ್ಲಿ ಹೋದ್ಮೇಲೂ ಬರೀತಿದ್ದ. ಚೆನ್ನಾಗಿ ಬರೀತಿದ್ನಾ ಅನ್ನೋದು ಬೇರೆ ಮಾತು.

ಹುಟ್ಟಿದ್ದು 1766ರಲ್ಲಿ ಪೇಸ್ಲಿಯಲ್ಲಿ, ನಮ್ಮ ಸೀರೆ ಮೇಲಿನ ಮಾವಿನಕಾಯಿ ಡಿಸೈನಿಗೆ ಇಂಗ್ಲಿಷಲ್ಲಿ ಪೇಸ್ಲಿ ಅಂತಾರಲ್ಲ, ಅದೇ ನೇಕಾರರ ಊರು. 13ಕ್ಕೇ ಮಗ್ಗಕ್ಕೆ ಕೂತ, ಆಮೇಲೆ ಗಂಟು ಹೊತ್ಕೊಂಡು ಊರೂರು ಬಟ್ಟೆ ಮಾರಿದ. 1792ರಲ್ಲಿ ‘ವಾಟಿ ಅಂಡ್ ಮೆಗ್’ ಅಂತ ಗಂಡ ಹೆಂಡ್ತಿ ಜಗಳದ ಪದ್ಯಾನ ಸ್ಕಾಟ್ಸ್ ಆಡುಮಾತಲ್ಲೇ ಬರೆದು ಹೆಸರು ಹಾಕ್ದೆ ಅಚ್ಚು ಮಾಡಿಸ್ದ, ಜನ ಇದು ಸ್ಕಾಟ್ಲೆಂಡಿನ ಹೆಸರಾಂತ ಕವಿ ರಾಬರ್ಟ್ ಬರ್ನ್ಸ್ ಬರೆದಿದ್ದೇ ಇರ್ಬೇಕು ಅಂದ್ಕೊಂಡ್ರು. ಎಡವಟ್ಟಾಗಿದ್ದು ‘ದಿ ಶಾರ್ಕ್’ನಿಂದ. ಗಿರಣಿ ಮಾಲೀಕನೊಬ್ಬ ನೇಕಾರರಿಗೆ ಅಳತೇಲಿ ಮೋಸ ಮಾಡ್ತಾನೆ ಅಂತ ಬೈದ ಪದ್ಯ ಅದು, ಅಷ್ಟಕ್ಕೇ ಬಿಟ್ಟಿದ್ರೆ ಆಗ್ತಿತ್ತು, 5 ಗಿನಿ (ಆಗಿನ ಬ್ರಿಟನ್ನಿನ ಚಿನ್ನದ ನಾಣ್ಯ) ಕೊಟ್ರೆ ಅಚ್ಚು ಹಾಕ್ಸಲ್ಲ ಅಂತ ಅದೇ ಮಾಲೀಕನಿಗೆ ಕಾಗದ ಬೇರೆ ಹೋಯ್ತು. ಜೈಲಾಯ್ತು, ತನ್ನ ಪದ್ಯಾನ ಊರೆದುರಿಗೆ ತಾನೇ ಸುಡ್ಬೇಕಾಯ್ತು. 1794ರಲ್ಲಿ ಅಮೆರಿಕದ ಹಡಗು ಹತ್ತಿ, ಡೆಕ್ ಮೇಲೇ ಮಲಗ್ಕೊಂಡು ಹೋದ.

ಅಲ್ಲಿ ಮೇಷ್ಟ್ರಾದ. ಫಿಲಡೆಲ್ಫಿಯಾ ಹತ್ರದ ಶಾಲೆ, ಪಕ್ಕದಲ್ಲೇ ಸಸ್ಯಶಾಸ್ತ್ರಜ್ಞ ವಿಲಿಯಂ ಬಾರ್ಟ್ರಮ್ ಅವರ ಗಿಡಮರದ ತೋಟ, ಹಕ್ಕಿ ಹುಚ್ಚು ಬಲವಾಗಿದ್ದು ಅಲ್ಲೇ. 1804ರಲ್ಲಿ ನಯಾಗರಾಕ್ಕೆ ನಡ್ಕೊಂಡು ಹೋಗಿ ‘ದಿ ಫಾರೆಸ್ಟರ್ಸ್’ ಅಂತ 2,000ಕ್ಕೂ ಹೆಚ್ಚು ಸಾಲು ಬರೆದ, ಸೂಟು ಬೂಟು ಹಾಕ್ಕೊಂಡಂಥ ಇಂಗ್ಲಿಷಲ್ಲಿ. ನಂಗಂತೂ ಸಪ್ಪೆ. ಮನೆಮಾತಲ್ಲಿ ಜಗಳ ಆಡಿಸ್ದೋನ ಕೈ ಇದೇನಾ ಅನ್ಸುತ್ತೆ.

ಆದ್ರೆ ಹಕ್ಕಿ ಪುಸ್ತಕದ ಗದ್ಯ ಇದೆಯಲ್ಲ, ಅಲ್ಲಿ ಹಳೇ ವಿಲ್ಸನ್ ಸಿಗ್ತಾನೆ. ಉತ್ತರ ಕ್ಯಾರೊಲಿನಾದ ವಿಲ್ಮಿಂಗ್ಟನ್ ಹತ್ರ ದಂತದ ಬಣ್ಣದ ಕೊಕ್ಕಿನ ದೊಡ್ಡ ಮರಕುಟಿಗ ಒಂದು ಗಾಯ ಆಗಿ ಕೈಗೆ ಸಿಕ್ತು, ಥೇಟ್ ಮಗು ಥರ ಅಳುತ್ತೆ, ಬೀದಿ ಹೆಂಗಸ್ರು ಗಾಬರಿಯಾಗಿ ಬಾಗ್ಲಿಗೆ ಓಡಿ ಬಂದ್ರು, ಇವ್ನು ಹೋಟ್ಲಲ್ಲಿ ನಂಗೂ ನನ್ನ ಮಗೂಗೂ ರೂಮ್ ಕೊಡಿ ಅಂದ. ಅದನ್ನ ರೂಮಲ್ಲಿ ಕೂಡಿ ಹಾಕಿ ಕುದುರೆ ನೋಡ್ಕೊಂಡು ಬರೋಷ್ಟ್ರಲ್ಲಿ ಹಾಸಿಗೆ ತುಂಬಾ ಗಾರೆ, ಗೋಡೇಲಿ ಮುಷ್ಟಿ ಹೋಗೋಷ್ಟು ತೂತು! ಕಾಲಿಗೆ ದಾರ ಕಟ್ಟಿ ಮೇಜಿಗೆ ಬಿಗಿದ್ರೆ ಮೇಜನ್ನೂ ಕುಕ್ಕಿ ಹಾಳು ಮಾಡ್ತು, ಚಿತ್ರ ಬರೀತಿದ್ದೋನ ಕೈಯನ್ನೂ ಬಿಡ್ಲಿಲ್ಲ. ಕೊಟ್ಟಿದ್ದೇನೂ ಮುಟ್ಟದೆ ಮೂರು ದಿನಕ್ಕೆ ಸತ್ತೋಯ್ತು.

ನಾಲ್ಕನೇ ಸಂಪುಟ ಸಿಕ್ರೆ ಆ ಭಾಗ ಮೊದ್ಲು ಓದಿ, ಫಾರೆಸ್ಟರ್ಸ್ ಆಮೇಲೆ ನೋಡ್ಕೊಳ್ಳಿ.